ಮುದ್ರೆ ಓದದೆ ಕುದುರೆ ಎಳೆಯಬೇಡ

ಈ ಸಲ ಖಂಡೇಪೂಜೆಗೆ ನೀನು ಬೆಂಗಳೂರಿನಿಂದ ಬಂದಿದ್ದೆ. ಪೂಜೆಗೆಂದು ನಾನು ಪೆಟ್ಟಿಗೆಯಿಂದ ಜೋಡುನಳಿಗೆ ಬಂದೂಕು ತೆಗೆದು ಕಂಬಳಿಯ ಮೇಲೆ ಇಟ್ಟೆ. ಕುಂಕುಮ ಹಚ್ಚಿ, ಬನ್ನಿ ಎಲೆ ಏರಿಸಿ, ಕಾಯಿ ಒಡೆಯಲು ಅತ್ತ ತಿರುಗಿದೆನಷ್ಟೆ. ಅಷ್ಟರೊಳಗೆ ನೀನು ಅದನ್ನು ಹೆಗಲಿಗೇರಿಸಿ ಎದುರು ಮನೆಯ ಮಾಳಿಗೆ ಮೇಲಿನ ಪಾರಿವಾಳಕ್ಕೆ ಗುರಿ ಹಿಡಿದಾಗಿತ್ತು. ಕೇಳಿದ್ದು ಎರಡೇ ಪ್ರಶ್ನೆ. "ಅಜ್ಜಾ, ಇದರ ರೇಟ್ ಎಷ್ಟಾಗ್ತದ?" "ಒಂದು ಈಡು ಹೊಡೀಲೇನು?"

ನಿನ್ನ ತಂಗಿ ಬಾಗಿಲಲ್ಲಿ ನಿಂತು ಮೂರನೆಯದೊಂದು ಕೇಳಿದಳು. "ಅಣ್ಣಾ, ಅದರಾಗ ತೋಟಾ ಐತೇನು?"

ತಮ್ಮಾ, ಮೊದಲು ಕೇಳಬೇಕಾದ ಪ್ರಶ್ನೆ ಅವಳದು. ಬಂದೂಕು ಕೈಗೆ ಬಂದ ಕೂಡಲೇ ಬಾಯಿ ನೆಲದ ಕಡೆ ಇರಬೇಕು, ಬೆರಳು ಟ್ರಿಗರ್‌ನಿಂದ ಹೊರಗಿರಬೇಕು, ನಳಿಗೆ ಬಾಗಿಸಿ ತೆರೆದು, ತೋಟಾ ಕೂರುವ ಎರಡೂ ಕೋಣೆ ಖಾಲಿ ಇವೆಯೋ ಇಲ್ಲವೋ ನೋಡಬೇಕು. ನಾನು ಈಗಷ್ಟೇ ನೋಡಿ ಕೊಟ್ಟಿದ್ದರೂ ನೀನು ಮತ್ತೆ ನೋಡಬೇಕು. ಇದರಲ್ಲಿ ನನ್ನ ಮೇಲೆ ಅಪನಂಬಿಕೆ ಏನೂ ಇಲ್ಲ. ಅವ್ವ ಉಪ್ಪು ಹಾಕಿದ್ದೇನೆ ಅಂದರೂ ಸಾರನ್ನು ಅಂಗೈಗೆ ಬಿಟ್ಟು ನೋಡುತ್ತೀಯಲ್ಲ, ಹಾಗೆ.

ನಿನ್ನಲ್ಲಿ ಕಣ್ಣು ಇದೆ, ಅದನ್ನು ಒಪ್ಪುತ್ತೇನೆ. ಹೊರಗೆ ಕುದುರೆ, ಅಂದರೆ ಬಡಿಯುವ ಕೀಲು, ಕಾಣದ ಬಂದೂಕನ್ನು ನೋಡಿ "ಇದು ಆ್ಯನ್ಸನ್-ಡೀಲಿ ಬಾಕ್ಸ್‌ಲಾಕ್" ಅಂದೆ. ಸರಿಯಾಗಿಯೇ ಅಂದೆ. ವೆಸ್ಟ್ಲಿ ರಿಚರ್ಡ್ಸ್ ಕಾರ್ಖಾನೆಯ ಆ ಇಬ್ಬರು 1875ರಲ್ಲಿ ಪೇಟೆಂಟ್ ಮಾಡಿದ ರಚನೆ ಅದು. ಪರ್ಡಿ, ಹಾಲೆಂಡ್, ಗ್ರೀನರ್ ಎಂಬ ಬಂದೂಕು ಕಸುಬುದಾರರ ಹೆಸರುಗಳು ನಿನ್ನ ನಾಲಿಗೆಯ ತುದಿಯಲ್ಲಿವೆ. ಫೋನಿನಲ್ಲಿ ನೂರಾರು ಚಿತ್ರ ಕೂಡಿಸಿದ್ದೀ. ಆದರೆ ನಿನ್ನ ಕೈ ನಿನ್ನ ಕಣ್ಣಿಗಿಂತ ಮುಂದೆ ಓಡುತ್ತದೆ. ಅದನ್ನು ಹಿಂದಕ್ಕೆ ಕರೆಯುವುದಕ್ಕೇ ಈ ಮಾತು.

ಈ ನೆಲದಲ್ಲಿ ಹತಾರವೆಂದರೆ ಆಟದ ಸಾಮಾನಲ್ಲ. ಹಲಗಲಿ ಬೇಡರ ಲಾವಣಿಯನ್ನು ಸಾಲೆಯಲ್ಲಿ ಬಾಯಿಪಾಠ ಮಾಡಿದವ ನೀನು. ಅಂಕ ಬಂತು, ಮರೆತೆ. ಹಲಗಲಿ ಇಲ್ಲೇ ಮುಧೋಳ ತಾಲೂಕಿನ ಊರು. 1857ರಲ್ಲಿ ಕಂಪನಿ ಸರ್ಕಾರ ಜನರ ಹತಾರಗಳನ್ನು ಕಸಿಯುವ ಕಾಯ್ದೆ ತಂದಾಗ ಅಲ್ಲಿಯ ಬೇಡರು ಕೊಡುವುದಿಲ್ಲ ಅಂದರು. ಬೇಟೆಯೇ ಅವರ ಬದುಕು. ಹತಾರ ಕೊಟ್ಟರೆ ಮಾನವೂ ಹೋಯಿತು, ಅನ್ನವೂ ಹೋಯಿತು. ಜಡಗ, ಬಾಲ, ಹನುಮ, ರಾಮ ಮುಂದೆ ನಿಂತರು. ನವೆಂಬರ್ ಕೊನೆಯಲ್ಲಿ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ ಮುಧೋಳದಲ್ಲಿ 13, ಹಲಗಲಿಯಲ್ಲಿ 6 ಮಂದಿಯನ್ನು ಗಲ್ಲಿಗೇರಿಸಿದರು. ಆ ಲಾವಣಿಯನ್ನು ಕಲೆಹಾಕಿ ಅಚ್ಚು ಹಾಕಿಸಿದವನು ಕೂಡ ಇಂಗ್ಲಿಷ್ ಅಧಿಕಾರಿಯೇ, ಜೆ.ಎಫ್. ಫ್ಲೀಟ್.

ಬೇಡರ ಕೈಯಿಂದ ಬಂದೂಕು ಕಸಿದ ಇಂಗ್ಲಿಷರೇ ಮುಂದೆ 1878ರ ಆಯುಧ ಕಾಯ್ದೆ ಮಾಡಿ, ತಮಗೆ ಬೇಕಾದವರ ಗೋಡೆಗೆ ಬರ್ಮಿಂಗ್‌ಹ್ಯಾಮಿನ ಬಂದೂಕು ಏರಲು ಬಿಟ್ಟರು. ಸಂಸ್ಥಾನಿಕರಿಗೆ, ದೇಸಾಯರಿಗೆ, ಗೌಡರಿಗೆ. ನಮ್ಮ ಮನೆಗೆ ಬಂದದ್ದೂ ಆ ದಾರಿಯಲ್ಲೇ. ಹಾಗಾಗಿ ಗೆಳೆಯರ ಮುಂದೆ ಇದನ್ನು ಹಿಡಿದು ಮೀಸೆ ತಿರುವುವ ಮೊದಲು, ಹತ್ತು ಹರದಾರಿಯೊಳಗಿನ ಒಂದು ಊರಿನಲ್ಲಿ ಇಂಥದೊಂದರ ಸಲುವಾಗಿ ಜನ ಕೊರಳು ಕೊಟ್ಟರು ಅನ್ನುವುದನ್ನು ನೆನೆ. ನೆನೆದ ಮೇಲೂ ಇದರ ಮೇಲೆ ಪ್ರೀತಿ ಉಳಿದರೆ, ಆ ಪ್ರೀತಿಗೆ ತೂಕ ಇರುತ್ತದೆ.

ನಮ್ಮ ಹಳೆಯ ಲೈಸೆನ್ಸ್ ಕಾಗದಗಳನ್ನು ಒಮ್ಮೆ ಬಿಡಿಸಿ ನೋಡು. ನೀನು ಬಂದೂಕಿನ ಫೋಟೋ ಹೊಡೆದೆ, ಕಾಗದದ ಕಡೆ ತಿರುಗಿಯೂ ನೋಡಲಿಲ್ಲ. ಮೊದಲ ಹಾಳೆಯಲ್ಲಿ ಜಮಖಂಡಿ ಸಂಸ್ಥಾನದ ಸಿಕ್ಕೆ ಇದೆ, ಪಟವರ್ಧನರ ಕಾಲದ್ದು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಆಮೇಲಿನ ಹಾಳೆ ಮುಂಬಯಿ ಪ್ರಾಂತದ್ದು, ವಿಜಾಪುರ ಜಿಲ್ಲೆ. 1956ರ ನಂತರ ಮೈಸೂರು ರಾಜ್ಯ. 1973ರ ನಂತರ ಕರ್ನಾಟಕ. 1997ರ ನಂತರ ಬಾಗಲಕೋಟೆ ಜಿಲ್ಲೆ. ಮನೆ ಅದೇ, ಗೋಡೆ ಅದೇ, ಬಂದೂಕು ಅದೇ. ಅದರ ನಂಬರು ಪ್ರತಿ ಹಾಳೆಯಲ್ಲೂ ಒಂದೇ. ಸಂಗ್ರಹ ಮಾಡುವ ಆಸೆ ಇದ್ದವನು ಮೊದಲು ಜೋಪಾನ ಮಾಡಬೇಕಾದದ್ದು ಈ ಕಾಗದಗಳನ್ನು. ಕಾಗದ ಇಲ್ಲದ ಬಂದೂಕು, ಎಷ್ಟೇ ಚೆಂದ ಇರಲಿ, ಮನೆಗೆ ತಂದ ಹಾವು.

ಇನ್ನು ಬಂದೂಕನ್ನು ಓದುವ ಮಾತು. ನಮ್ಮ ಮುಧೋಳದ ರನ್ನ ಸರಸ್ವತಿಯ ಭಂಡಾರದ ಮುದ್ರೆ ಒಡೆದವನು ಎಂದು ಹೇಳಿಕೊಂಡ ಕವಿ. ಅವನಿಗೆ ಆ ಎದೆ ಇತ್ತು. ನೀನು ಮುದ್ರೆ ಒಡೆಯುವುದು ಬೇಡ, ಓದಿದರೆ ಸಾಕು. ನಳಿಗೆ ಬಿಚ್ಚಿ ತಲೆಕೆಳಗು ಮಾಡಿದರೆ ಬುಡದಲ್ಲಿ ಸಣ್ಣ ಸಣ್ಣ ಅಚ್ಚುಗಳು ಕಾಣುತ್ತವೆ. ನೀನು ಅವನ್ನು ಚಿತ್ತಾರ ಅಂದುಕೊಂಡೆ. ಅವು ಪರೀಕ್ಷೆಯ ಮುದ್ರೆಗಳು. ಲಂಡನ್ನಿನಲ್ಲಿ ಬಂದೂಕು ಮಾಡುವವರ ಸಂಘಕ್ಕೆ 1637ರಲ್ಲಿ ಸನ್ನದು ಸಿಕ್ಕಿತು. ಬರ್ಮಿಂಗ್‌ಹ್ಯಾಮಿನ ಪರೀಕ್ಷಾ ಮನೆ ಕಾನೂನಿನಿಂದ ಹುಟ್ಟಿದ್ದು 1813ರಲ್ಲಿ. ಮಾರಾಟಕ್ಕೆ ಮುಂಚೆ ಪ್ರತಿ ನಳಿಗೆಗೂ ಅಲ್ಲಿ ವಾಡಿಕೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ತಡೆದುಕೊಂಡದ್ದಕ್ಕೆ ಮಾತ್ರ ಕಿರೀಟದ ಮುದ್ರೆ ಒತ್ತುತ್ತಿದ್ದರು. ತಡೆಯದ್ದು ಅಲ್ಲೇ ಸೀಳಿ ಹೋಗುತ್ತಿತ್ತು.

ನಮ್ಮ ಬಾಕ್ಸ್‌ಲಾಕ್‌ನಲ್ಲಿ ಕಿರೀಟದ ಕೆಳಗೆ ಬಿ.ಪಿ., ಬಿ.ವಿ., ಎನ್.ಪಿ. ಎಂಬ ಅಕ್ಷರಗಳಿವೆ. ಎನ್.ಪಿ. ಅಂದರೆ ಹೊಗೆ ಇಲ್ಲದ ನೈಟ್ರೋ ಮದ್ದಿಗೂ ಪರೀಕ್ಷೆ ಆಗಿದೆ ಎಂದು ಅರ್ಥ. 1904ರ ನಿಯಮದ ನಂತರದ ಬರ್ಮಿಂಗ್‌ಹ್ಯಾಮ್ ಗುರುತು. ಪಕ್ಕದ ವಜ್ರಾಕಾರದೊಳಗೆ 12 ಮತ್ತು ಸಿ ಇದೆ. ಹನ್ನೆರಡು ಬೋರ್ ಅಂದರೆ ಏನು ಎಂದು ಕೇಳಿದಾಗ "ಹನ್ನೆರಡು ಮಿಲಿಮೀಟರ್" ಅಂದಿದ್ದೆ ನೀನು. ಅಲ್ಲಪಾ. ಒಂದು ಪೌಂಡು ಸೀಸದಲ್ಲಿ ಸಮನಾಗಿ ಹನ್ನೆರಡು ಗುಂಡು ಎರೆದರೆ ಒಂದೊಂದು ಎಷ್ಟು ದಪ್ಪ ಆಗುತ್ತದೋ ಅಷ್ಟು ನಳಿಗೆಯ ಬಾಯಿ. ಹದಿನೆಂಟೂವರೆ ಮಿಲಿಮೀಟರ್. ಹಾಗಾಗಿ ಹದಿನಾರು ಬೋರ್ ಅಂದರೆ ಹನ್ನೆರಡಕ್ಕಿಂತ ಸಣ್ಣದು. ಕೆಲವು ನಳಿಗೆಗಳ ಮೇಲೆ "ಒಂಟಿ ಗುಂಡಿಗಲ್ಲ" ಎಂಬರ್ಥದ ಇಂಗ್ಲಿಷ್ ಬರಹ ಇರುತ್ತದೆ. ಅದು 1875ರಿಂದ 1887ರ ನಡುವಿನದು. ಬಾಯಿ ಬಿಗಿ ಮಾಡಿದ ನಳಿಗೆಗೆ ಒಂಟಿ ಗುಂಡು ಹಾಕಿದರೆ ಸಿಕ್ಕಿಬೀಳುತ್ತದೆ ಎಂಬ ಎಚ್ಚರಿಕೆ. ನಾಲ್ಕು ಅಕ್ಷರದಲ್ಲಿ ಕಾಲವೂ ಸಿಕ್ಕಿತು, ಗುಣವೂ ಸಿಕ್ಕಿತು. ಇಷ್ಟು ಓದಲು ಒಂದು ಭೂತಗನ್ನಡಿ ಸಾಕು. ಐವತ್ತು ರೂಪಾಯಿಯ ಸಾಮಾನು ತರಲು ನಿನಗೆ ಪುರಸೊತ್ತಿಲ್ಲ, ಲಕ್ಷದ ಮಾತು ಆಡುತ್ತೀ.

ಎರಡು ನಳಿಗೆಯ ನಡುವಿನ ಪಟ್ಟಿಯ ಮೇಲಿನ ಹೆಸರಿಗೂ ಮರುಳಾಗಬೇಡ. ನಮ್ಮ ಗೋಡೆಯ ಮೇಲಿರುವ ಇನ್ನೊಂದು, ಹಳೆಯ ಕುದುರೆ ಬಂದೂಕಿನ ಮೇಲೆ "ಮ್ಯಾಂಟನ್, ಕಲ್ಕತ್ತಾ" ಎಂದಿದೆ. ಅದನ್ನು ಮಾಡಿದವರು ಅವರೇ ಎಂದು ನಿನ್ನ ಲೆಕ್ಕ. ಅವರದು ಅಂಗಡಿ. ಕಲ್ಕತ್ತಾದ ಮ್ಯಾಂಟನ್, ರಾಡಾ, ಇಂಥ ದೊಡ್ಡ ಅಂಗಡಿಯವರು ಬರ್ಮಿಂಗ್‌ಹ್ಯಾಮಿನ ಕಸುಬುದಾರರಿಂದ ಮಾಡಿಸಿ ತಮ್ಮ ಹೆಸರು ಕೊರೆಸಿ ಮಾರುತ್ತಿದ್ದರು. ಮಾಡಿದವನ ಹೆಸರು ಎಲ್ಲೂ ಇರುವುದಿಲ್ಲ. ಬನಹಟ್ಟಿಯ ನೇಕಾರ ನೇಯ್ದ ಸೀರೆಗೆ ಪೇಟೆಯ ಅಂಗಡಿಯ ಚೀಟಿ ಹಚ್ಚಿ ಮಾರುವುದನ್ನು ನೋಡಿಲ್ಲವೇ? ಅದೇ ಕತೆ. (ರಾಡಾ ಅಂಗಡಿ ಅಂದಾಗ ಇನ್ನೊಂದು ನೆನಪಾಯಿತು. 1914ರ ಆಗಸ್ಟ್ 26ರಂದು ಬಂಗಾಳದ ಕ್ರಾಂತಿಕಾರಿಗಳು ಆ ಅಂಗಡಿಗೆ ಬಂದ 50 ಮೌಸರ್ ಪಿಸ್ತೂಲುಗಳನ್ನು ಹಾಡಹಗಲೇ ಎತ್ತಿನ ಬಂಡಿಯಲ್ಲಿ ಸಾಗಿಸಿಬಿಟ್ಟರು. ಬಂದೂಕಿನ ಅಂಗಡಿಯ ಹೆಸರಿನ ಹಿಂದೆ ಎಷ್ಟು ಕತೆ ಇರುತ್ತದೆ ನೋಡು.)

ಆ ಕುದುರೆ ಬಂದೂಕಿನ ನಳಿಗೆಯ ಮೇಲೆ ನೀರಿನ ಅಲೆಯಂಥ ಗೆರೆಗಳಿವೆಯಲ್ಲ, ಅದು ಡಮಾಸ್ಕಸ್. ರಬಕವಿ-ಬನಹಟ್ಟಿಯ ಯಾವ ನೇಕಾರನಿಗೆ ತೋರಿಸಿದರೂ ಅದು ಹೇಗೆ ಆಯಿತು ಎಂದು ಹೇಳಿಯಾನು. ಕಬ್ಬಿಣ, ಉಕ್ಕು ಎರಡನ್ನೂ ಪದರ ಪದರವಾಗಿ ಕೂಡಿಸಿ, ಕಾಯಿಸಿ, ಹುರಿಯಂತೆ ಹೊಸೆದು, ಆ ಹುರಿಯನ್ನು ಸಲಾಕೆಗೆ ಸುತ್ತಿ, ಕೆಂಪಗೆ ಕಾದಿರುವಾಗಲೇ ಸುತ್ತಿಗೆಯಿಂದ ಬಡಿದು ಒಂದಕ್ಕೊಂದು ಬೆಸೆಯುತ್ತಿದ್ದರು. ಎಂಥ ಕೈಗಾರಿಕೆ! ಹಾಸು ಹೊಕ್ಕು ಇಲ್ಲದ ನೇಯ್ಗೆ ಅದು. ಮೊದಲನೆಯ ಮಹಾಯುದ್ಧದ ಹೊತ್ತಿಗೆ ಆ ಕಸುಬು ಹೆಚ್ಚುಕಡಿಮೆ ನಿಂತೇ ಹೋಯಿತು. ಆದರೆ ಬೆಸುಗೆ ಅಂದಮೇಲೆ ಸಂದು ಇದ್ದೇ ಇದೆ. ಆ ಸಂದಿನಲ್ಲಿ ನೂರು ವರ್ಷದ ತುಕ್ಕು ಹೊರಗೆ ಕಾಣದಂತೆ ಕೂತಿರಬಹುದು.

ನನ್ನ ಎಡ ಅಂಗೈಯ ಗಾಯದ ಗುರುತನ್ನು ನೀನು ಸಣ್ಣವನಿದ್ದಾಗ ಬೆರಳಾಡಿಸಿ ಕೇಳುತ್ತಿದ್ದೆ. ಕುಡುಗೋಲು ತಾಗಿದ್ದು ಎಂದು ಹೇಳುತ್ತಿದ್ದೆ. ಅದು ಸುಳ್ಳು. ನನಗಾಗ ಹತ್ತೊಂಬತ್ತು. ನಮ್ಮಪ್ಪ ಸಂತೆಗೆ ಹೋದಾಗ ಕೇಳದೆ ಈ ಕುದುರೆ ಬಂದೂಕನ್ನು ಹೊಲಕ್ಕೆ ಒಯ್ದೆ. ಜೋಳ ತೆನೆಗಟ್ಟಿತ್ತು, ಹಕ್ಕಿ ಬಿದ್ದಿದ್ದವು. ಮನೆಯಲ್ಲಿದ್ದ ಹೊಸ ತೋಟಾ, ಹೊಗೆ ಇಲ್ಲದ ಮದ್ದಿನದು, ಕೋಣೆಗೆ ಇಟ್ಟೆ. ಸಲೀಸಾಗಿ ಕೂತಿತು. ಕೂತಿತಲ್ಲ, ಸರಿ ಅಂದುಕೊಂಡೆ. ಮೊದಲ ಈಡಿಗೆ ಏನೂ ಆಗಲಿಲ್ಲ. ಎರಡನೆಯದಕ್ಕೆ ಎಡ ನಳಿಗೆ ಹೊಲಿಗೆ ಬಿಟ್ಟ ಚೀಲದ ಹಾಗೆ ಬಾಯಿ ತೆರೆಯಿತು. ಕಬ್ಬಿಣದ ಚೂರೊಂದು ಅಂಗೈಯಲ್ಲಿ ನೆಟ್ಟು ನಿಂತಿತು. ಎರಡು ದಿನ ಎಡಗಿವಿ ಕೇಳಲಿಲ್ಲ. ನಮ್ಮಪ್ಪ ಬೈಯಲಿಲ್ಲ. ಸೀಳಿದ ನಳಿಗೆಯನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಗೆ ಏರಿಸಿ, "ಇದು ನಿನ್ನ ಮಾಸ್ತರು" ಅಂದ. ಅದಾದ ಮೇಲೆ ಅದರಲ್ಲಿ ಯಾರೂ ಒಂದು ಈಡು ಹೊಡೆದಿಲ್ಲ.

ತಪ್ಪು ಎಲ್ಲಿತ್ತು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಒಂದು, ಆ ನಳಿಗೆಗೆ ನೈಟ್ರೋ ಮುದ್ರೆ ಇರಲಿಲ್ಲ. ಕರಿಮದ್ದಿಗೆ ಮಾತ್ರ ಮಾಡಿದ್ದು. ಇನ್ನೊಂದನ್ನು ನೀನು ಗಂಟು ಕಟ್ಟಿ ಇಟ್ಟುಕೊ. ಹಳೆಯ ಇಂಗ್ಲಿಷ್ ಹನ್ನೆರಡು ಬೋರಿನ ಕೋಣೆ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ವಾಡಿಕೆಯ ಲೆಕ್ಕದಲ್ಲಿ 65 ಮಿಲಿಮೀಟರ್. ಇಂದಿನ ತೋಟಾ ಬಹಳಷ್ಟು 70 ಮಿಲಿಮೀಟರ್. ಆ ಅಳತೆ ತೋಟಾದ ಮಡಿಚಿದ ಬಾಯಿ ಹಾರಿದ ಮೇಲೆ ಬಿಚ್ಚಿಕೊಂಡಾಗಿನದು. ಹಾರುವ ಮುಂಚೆ ಗಿಡ್ಡವೇ ಇರುತ್ತದೆ, ಅದಕ್ಕೇ ಸಣ್ಣ ಕೋಣೆಯಲ್ಲೂ ಆರಾಮಾಗಿ ಕೂರುತ್ತದೆ. ಹಾರಿದಾಗ ಬಾಯಿ ಬಿಚ್ಚಲು ಜಾಗ ಸಾಲದೆ ನಳಿಗೆಯ ಇಕ್ಕಟ್ಟಿಗೆ ನುಗ್ಗುತ್ತದೆ. ಒತ್ತಡ ಏರುತ್ತದೆ. ಹಿಡಿಸಿತು ಅಂದ ಮಾತ್ರಕ್ಕೆ ಒಗ್ಗಿತು ಅಲ್ಲ. 1925ರ ನಂತರದ ಬಂದೂಕಿನಲ್ಲಿ ಕೋಣೆಯ ಉದ್ದವನ್ನು ಇಂಚಿನಲ್ಲಿ ಅಚ್ಚು ಹಾಕಿರುತ್ತಾರೆ. ಅದಕ್ಕೂ ಹಿಂದಿನದಾದರೆ ಅಳೆಯಿಸಬೇಕು. ಅಂದಾಜು ಮಾಡಬಾರದು.

ಡಮಾಸ್ಕಸ್ ಎಲ್ಲವೂ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ನೈಟ್ರೋ ಪರೀಕ್ಷೆ ಗೆದ್ದು ಇಂದಿಗೂ ನಡೆಯುವವು ಇಂಗ್ಲೆಂಡಿನಲ್ಲಿ ಇವೆ. ಆದರೆ ಅಲ್ಲಿ ನಳಿಗೆಯ ದಪ್ಪ ಅಳೆಯುವವನಿದ್ದಾನೆ, ಮತ್ತೆ ಪರೀಕ್ಷೆಗೆ ಹಾಕುವ ಮನೆ ಇದೆ. ಅರ್ಧ ಮಿಲಿಮೀಟರಿಗಿಂತ ತೆಳುವಾದ ನಳಿಗೆಯನ್ನು ತಿಳಿದವರು ಹೊಡೆಯಲು ಕೊಡುವುದಿಲ್ಲ. ನಿನ್ನ ಬೆರಳಿಗೆ ಅರ್ಧ ಮಿಲಿಮೀಟರ್ ತಿಳಿದೀತೇ?

ಕೊಳ್ಳುವಾಗಿನ ಪರೀಕ್ಷೆಗೆ ಮಾತ್ರ ನಮ್ಮ ಸಂತೆಯ ಬುದ್ಧಿ ಸಾಕು. ನಿನ್ನಜ್ಜಿ ಗಡಿಗೆ ಕೊಳ್ಳುವಾಗ ಏನು ಮಾಡುತ್ತಿದ್ದಳು? ಎತ್ತಿ ಬೆರಳ ಗೆಣ್ಣಿನಿಂದ ಬಾರಿಸುತ್ತಿದ್ದಳು. ಟಣ್ ಅಂದರೆ ಬುಟ್ಟಿಗೆ, ಬಡಬಡ ಅಂದರೆ ವಾಪಸ್. ನಳಿಗೆಯನ್ನೂ ಹಾಗೆಯೇ. ಬಿಚ್ಚಿ, ಕೊಕ್ಕೆಯಲ್ಲಿ ನೇತುಹಾಕಿ ಉಗುರಿನಿಂದ ತಟ್ಟು. ಗಂಟೆಯಂತೆ ನಾದ ಬಂದರೆ ಪಟ್ಟಿಯ ಬೆಸುಗೆ ಗಟ್ಟಿ. ಜಿರ್ ಅಂದರೆ ಎಲ್ಲೋ ಬಿಟ್ಟಿದೆ. ಆಮೇಲೆ ಕೂಡಿಸಿ, ಬೆಳಕಿಗೆ ಹಿಡಿದು ನಳಿಗೆಯ ಬುಡ ಕೂರುವ ಜಾಗ ನೋಡು. ಕೂದಲೆಳೆಯಷ್ಟು ಬೆಳಕು ನುಸುಳಿದರೂ ಸವೆದಿದೆ ಎಂದು ತಿಳಿ. ಮುಂದಿನ ಮರ ತೆಗೆದು ಮೆಲ್ಲಗೆ ಅಲುಗಿಸು. ಟಕಟಕ ಅಂದರೆ ಬೇಡ. ನಳಿಗೆಯೊಳಗೆ ಉಂಗುರದಂಥ ನೆರಳು ಕಂಡರೆ ಎಂದೋ ಉಬ್ಬಿದ್ದು. ಅದನ್ನಂತೂ ಮುಟ್ಟಬೇಡ. ಬಹಳ ಮಿರಿಮಿರಿ ಮಿಂಚುವ ಹಳೆಯ ಬಂದೂಕಿನ ಮೇಲೆ ನನಗೆ ಅನುಮಾನ ಜಾಸ್ತಿ. ತುಕ್ಕು ಅಡಗಿಸಲು ಯಾರೋ ತಿಕ್ಕಿ ತಿಕ್ಕಿ ನಳಿಗೆ ತೆಳ್ಳಗೆ ಮಾಡಿರುತ್ತಾರೆ. ಮುಪ್ಪಿನಲ್ಲಿ ಮುಖಕ್ಕೆ ನೆರಿಗೆ ಇರುವುದೇ ಸಹಜ.

ಕಾನೂನಿನ ಮಾತಿಗೆ ನೀನು ಆಕಳಿಸುತ್ತೀ, ಗೊತ್ತು. ಆದರೂ ಕೇಳು. 2019ರ ತಿದ್ದುಪಡಿಯ ಮೇಲೆ ಒಬ್ಬನ ಹೆಸರಿಗೆ ಎರಡೇ ಬಂದೂಕು. ಮೊದಲು ಮೂರು ಇತ್ತು. ಗೋಡೆ ತುಂಬ ತೂಗುಹಾಕುವ ನಿನ್ನ ಕನಸು ಇಲ್ಲಿಗೆ ಮುಗಿಯಿತು. ನನ್ನ ಮಟ್ಟಿಗೆ ಅದು ಒಳ್ಳೆಯದೇ ಆಯಿತು. ಎರಡೇ ಅಂದಮೇಲೆ ಆರಿಸಲು ಕಲಿಯುತ್ತೀ. ಲೈಸೆನ್ಸು ಐದು ವರ್ಷಕ್ಕೊಮ್ಮೆ ನವೀಕರಣ. ಅರ್ಜಿ ಹಾಕಲು ಇಪ್ಪತ್ತೊಂದು ತುಂಬಿರಬೇಕು, ಆಯುಧ ಸುರಕ್ಷತೆಯ ತರಬೇತಿ ಆಗಿರಬೇಕು. ಬಾಯಿಂದ ಮದ್ದು ತುಂಬುವ ಹಳೆಯ ಬಂದೂಕಿಗೂ ಲೈಸೆನ್ಸು ಬೇಕು. "ಹಳೇದು ನಡೀತದ" ಎಂದು ಯಾರೋ ಹೇಳಿದ್ದನ್ನು ನಂಬಿ ತರಬೇಡ. ಲೈಸೆನ್ಸುದಾರ ತೀರಿಕೊಂಡರೆ ಮನೆಯವರು ತಡಮಾಡದೆ ಬಂದೂಕನ್ನು ಪೊಲೀಸ್ ಠಾಣೆಗೋ ಲೈಸೆನ್ಸು ಇರುವ ಅಂಗಡಿಗೋ ಒಪ್ಪಿಸಬೇಕು. ಅತ್ತು ಕರೆದು ತಿಥಿ ಮುಗಿಸಿ ಆಮೇಲೆ ನೋಡೋಣ ಅನ್ನುವ ಹಾಗಿಲ್ಲ. ಮಗ ದುಃಖದಲ್ಲಿ ಮರೆತ, ಅಪ್ಪನ ನೆನಪಿನ ಬಂದೂಕು ಕೇಸಿನ ಮಾಲಾಯಿತು. ಇಂಥದ್ದನ್ನು ಕಣ್ಣಾರೆ ಕಂಡಿದ್ದೇನೆ.

ಚುನಾವಣೆ ಬಂದರೆ ಠಾಣೆಗೆ ಒಪ್ಪಿಸುವ ಆದೇಶ ಬರುತ್ತದೆ. ಒಪ್ಪಿಸುವ ಮುಂಚೆ ಒಳಗೂ ಹೊರಗೂ ಎಣ್ಣೆ ಹಚ್ಚಿ, ಒಣ ಬಟ್ಟೆಯ ಚೀಲದಲ್ಲಿ ಹಾಕಿ, ರಸೀದಿಯಲ್ಲಿ ನಂಬರು ತಾಳೆ ನೋಡು. ಒಂದು ಮಳೆಗಾಲದಲ್ಲಿ ನಾನು ಅವಸರದಲ್ಲಿ ಹಾಗೇ ಕೊಟ್ಟೆ. ವಾಪಸ್ ಬಂದಾಗ ನಳಿಗೆಯ ಮೇಲೆ ಅರಿಶಿನ ಹಚ್ಚಿದಂತೆ ತುಕ್ಕು ಕೂತಿತ್ತು. ಒಂದು ತಿಂಗಳು ತಿಕ್ಕಿದೆ.

ಜೋಪಾನದ ಪಾಠ ಹೆಚ್ಚೇನಿಲ್ಲ. ಮರ ಅಕ್ರೋಟದ್ದು. ಇಂಗ್ಲಿಷರು ಅದಕ್ಕೆ ಹಚ್ಚುತ್ತಿದ್ದದ್ದು ಯಾವ ಎಣ್ಣೆ ಗೊತ್ತೇ? ಅಗಸಿ ಎಣ್ಣೆ. ನಿಮ್ಮವ್ವ ರೊಟ್ಟಿಗೆ ಚಟ್ನಿಪುಡಿ ಕುಟ್ಟುವ ಅದೇ ಅಗಸಿ! ಇಂಗ್ಲೆಂಡಿನಿಂದ ಡಬ್ಬಿ ತರಿಸಲು ಹೊರಟಿದ್ದೆ ನೀನು. ಒಂದು ಹನಿ ಅಂಗೈಗೆ ಹಾಕಿಕೊಂಡು, ಕೈ ಬಿಸಿಯಾಗುವ ತನಕ ಮರವನ್ನು ಉಜ್ಜು. ಮರುದಿನ ಇನ್ನೊಂದು ಹನಿ. ಸುರಿದರೆ ಅಂಟಾಗುತ್ತದೆ. ಕಬ್ಬಿಣಕ್ಕೆ ಯಂತ್ರದ ತೆಳು ಎಣ್ಣೆ. ಇಡುವಾಗ ಬಾಯಿ ಕೆಳಗೆ ಮಾಡಿ ಇಡು. ಇಲ್ಲವಾದರೆ ಎಣ್ಣೆ ಇಳಿದು ಮರದ ತಲೆಗೆ ಸೇರಿ, ಮರ ಮೆತ್ತಗಾಗಿ ಸೀಳುತ್ತದೆ. ಖಾಲಿ ಬಂದೂಕಿನ ಟ್ರಿಗರ್ ಸುಮ್ಮನೆ ಟಕ್ ಟಕ್ ಅನ್ನಿಸಬೇಡ, ಒಳಗಿನ ಸೂಜಿ ಮುರಿಯುತ್ತದೆ. ಅದಕ್ಕೆಂದೇ ಸುಳ್ಳು ತೋಟಾ ಬರುತ್ತವೆ. ಎರಡು ತಂದಿಟ್ಟುಕೊ. ಮೊಳೆ ಬಿಚ್ಚಲು ಮನೆಯ ಸ್ಕ್ರೂಡ್ರೈವರ್ ಹಿಡಿದು ಕೂರಬೇಡ. ಆ ಮೊಳೆಗಳ ತಲೆಯ ಸೀಳು ಕೂದಲಿನಷ್ಟು ತೆಳುವು. ಒಮ್ಮೆ ಜಾರಿದರೆ ಆ ಗೀರು ನಿನ್ನ ಮೊಮ್ಮಕ್ಕಳಿಗೂ ಕಾಣುತ್ತದೆ.

ಈಗ ನೀನು ಕಾಯುತ್ತಿದ್ದ ಮಾತು. ಹೊಡೆಯುವುದು.

ನಮ್ಮಜ್ಜನ ಕಾಲದಲ್ಲಿ ಮುಧೋಳದ ನಾಯಿ ಮತ್ತು ಬಂದೂಕು ಒಂದೇ ಗಾಡಿಯಲ್ಲಿ ಹೊರಡುತ್ತಿದ್ದವು. ಘೋರ್ಪಡೆ ಸಂಸ್ಥಾನಿಕರು ಸಾಕಿ ಬೆಳೆಸಿದ ಆ ನಾಯಿ ಮೊಲದ ಹಿಂದೆ ಬಿದ್ದರೆ ನೆರಳು ಕೂಡ ಹಿಂದೆ ಉಳಿಯುತ್ತಿತ್ತು. ಆ ಕಾಲ 1972ಕ್ಕೆ ಮುಗಿಯಿತು. ವನ್ಯಜೀವಿ ಕಾಯ್ದೆ ಬಂತು, ಬೇಟೆ ನಿಂತಿತು. ನಿಂತದ್ದು ನ್ಯಾಯವೇ. ಬೀಳಗಿ-ಮುಧೋಳದ ನಡುವಿನ ಯಡಹಳ್ಳಿ ಗುಡ್ಡದಲ್ಲಿ ನಮ್ಮಜ್ಜ ಹಿಂಡು ಹಿಂಡು ಚಿಂಕಾರ ಕಂಡದ್ದನ್ನು ಹೇಳುತ್ತಿದ್ದ. ನಾನು ಪ್ರಾಯಕ್ಕೆ ಬರುವಾಗ ಒಂದು ಕಾಣಲು ಮೂರು ದಿನ ಅಲೆಯಬೇಕಿತ್ತು. ಉಳಿದಷ್ಟನ್ನಾದರೂ ಉಳಿಸಲು 2016ರಲ್ಲಿ ಅಲ್ಲಿ ಚಿಂಕಾರ ಅಭಯಾರಣ್ಯ ಆಯಿತು, ಸುಮಾರು 96 ಚದರ ಕಿಲೋಮೀಟರ್. ಹೋಗು, ದುರ್ಬೀನು ಹಿಡಿದು ಹೋಗು. ಮುಳ್ಳುಕಂಟಿಯ ಮರೆಯಲ್ಲಿ ಬಾಲ ಅಲ್ಲಾಡಿಸುತ್ತ ನಿಂತ ಆ ಸಣ್ಣ ಜೀವವನ್ನು ಒಮ್ಮೆ ಕಂಡರೆ ನಿನಗೆ ಬಂದೂಕು ನೆನಪಾಗುವುದಿಲ್ಲ. ಮುಧೋಳದ ಆ ನಾಯಿಯೂ ಈಗ ಬೇಟೆ ಬಿಟ್ಟು ಬದುಕಿದೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂತು, ತಿಮ್ಮಾಪುರದಲ್ಲಿ ಅದರ ಸಂಶೋಧನಾ ಕೇಂದ್ರ ಇದೆ. ಕಬ್ಬಿಗೆ ಹಂದಿ ಬಿದ್ದಿದೆ, ಒಂದು ಹೊಡೆದರೇನು ಎಂದು ಹೊಲದವರು ಪುಸಲಾಯಿಸುತ್ತಾರೆ. ಅರಣ್ಯ ಇಲಾಖೆಯ ಅನುಮತಿ ಕಾಗದ ಕಣ್ಣಿಗೆ ಕಾಣುವ ತನಕ ನೀನು ಕಿವುಡ.

ಹಾಗಾದರೆ ಹೊಡೆಯುವುದು ಎಲ್ಲಿ? ಶೂಟಿಂಗ್ ರೇಂಜಿನಲ್ಲಿ, ಹಾರುವ ಮಣ್ಣಿನ ತಟ್ಟೆಗೆ. ಅದನ್ನು ಕೀಳು ಅಂದುಕೊಳ್ಳಬೇಡ. ಬಿಕಾನೇರಿನ ಮಹಾರಾಜ ಕರ್ಣಿಸಿಂಗ್ ಬಯಸಿದ್ದರೆ ಯಾವ ಕಾಡಿನಲ್ಲಾದರೂ ಹೊಡೆಯಬಹುದಿತ್ತು. ಅವರು ತಟ್ಟೆ ಹೊಡೆಯಲು ಐದು ಒಲಿಂಪಿಕ್ಸಿಗೆ ಹೋದರು, 1962ರ ಕೈರೋ ವಿಶ್ವ ಸ್ಪರ್ಧೆಯಲ್ಲಿ ಬೆಳ್ಳಿ ತಂದರು. ಮೊದಲು ಕಲಿಯುವಾಗ ರೇಂಜಿನವರ ಹೊಸ ಬಂದೂಕಿನಲ್ಲಿ ಕಲಿ. ಹಳೆಯದರ ಮೇಲೆ ಕೈ ತಿದ್ದಿಕೊಳ್ಳಬೇಡ. ನಿನ್ನ ಯಾವ ಕಣ್ಣು ಯಜಮಾನ ಎಂದು ಮೊದಲು ತಿಳಿದುಕೊ. ಎರಡು ಕೈ ಚಾಚಿ ಬೆರಳುಗಳ ನಡುವೆ ಕಿಂಡಿ ಮಾಡಿ, ದೂರದ ತೆಂಗಿನ ಮರ ನೋಡಿ, ಒಂದೊಂದೇ ಕಣ್ಣು ಮುಚ್ಚು. ತೆರೆದಿರುವಾಗ ಮರ ಜಾಗ ಬಿಡದ ಕಣ್ಣೇ ಯಜಮಾನ. ಬಲಗೈಯವನಿಗೆ ಎಡಗಣ್ಣು ಯಜಮಾನನಾದರೆ ಜನ್ಮವಿಡೀ ಎಡಕ್ಕೆ ತಪ್ಪುತ್ತಾನೆ, ಬಂದೂಕಿನ ಮೇಲೆ ಸಿಟ್ಟಾಗುತ್ತಾನೆ.

ಇಂಗ್ಲಿಷ್ ಕುಶಲಿಗಳು ಗಿರಾಕಿಯ ಕೈಯುದ್ದ, ಕೊರಳು, ಗಲ್ಲ ಅಳೆದು ಮರ ಕೆತ್ತುತ್ತಿದ್ದರು, ಸಿಂಪಿಗ ಅಂಗಿ ಹೊಲಿದಂತೆ. ನಮ್ಮದು ನಿನಗಿಂತ ಗಿಡ್ಡ ಯಾರಿಗೋ ಕೆತ್ತಿದ್ದು. ಅದರಲ್ಲಿ ಹೊಡೆದರೆ ನಿನ್ನ ಗಲ್ಲಕ್ಕೆ ಪೆಟ್ಟು ಬೀಳುತ್ತದೆ. ದಿನಕ್ಕೆ ಹತ್ತು ನಿಮಿಷ, ಖಾಲಿ ಬಂದೂಕಿನಿಂದ, ಗೋಡೆಯ ಮೂಲೆಗೆ ನೋಟ ನೆಟ್ಟು, ಮರವನ್ನು ಗಲ್ಲಕ್ಕೆ ತರುವುದನ್ನು ಕಲಿ. ತಲೆ ಬಂದೂಕಿಗೆ ಬಾಗಬಾರದು, ಬಂದೂಕೇ ತಲೆಗೆ ಬರಬೇಕು. ನೋಟ ತಟ್ಟೆಯ ಮೇಲಿರಲಿ, ನಳಿಗೆಯ ಮೇಲಲ್ಲ. ಗಾಳಿಪಟ ಹಾರಿಸುವವನು ದಾರ ನೋಡುತ್ತಾನೇನು? ಹೊಡೆದಾದ ಮೇಲೂ ಕೈ ಓಡುತ್ತಲೇ ಇರಲಿ. ನಿಲ್ಲಿಸಿದರೆ ಈಡು ಹಿಂದೆ ಬಿತ್ತು. ಕಿವಿಗೆ ರಕ್ಷೆ ಮರೆಯಬೇಡ. ನನ್ನ ಎಡಗಿವಿ ಇವತ್ತಿಗೂ ಮಂದ.

ಮದುವೆಯಲ್ಲಿ, ಜಾತ್ರೆಯಲ್ಲಿ, ಗೆದ್ದ ಮೆರವಣಿಗೆಯಲ್ಲಿ ಗಾಳಿಗೆ ಈಡು ಹಾರಿಸುವವರ ಜೊತೆ ನಿಲ್ಲಲೂ ಬೇಡ. 2019ರಿಂದ ಅದಕ್ಕೆ ಎರಡು ವರ್ಷದ ತನಕ ಜೈಲು ಅಥವಾ ಲಕ್ಷ ರೂಪಾಯಿ ತನಕ ದಂಡ, ಇಲ್ಲವೇ ಎರಡೂ. ಅದನ್ನು ಬಿಡು. ಮೇಲೆ ಹೋದದ್ದು ಕೆಳಗೆ ಬರುತ್ತದೆ, ಮತ್ತು ಕೆಳಗೆ ಯಾರದೋ ಕೂಸು ಇರುತ್ತದೆ.

ನನಗೀಗ ಎಪ್ಪತ್ತಾರು. ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ, ಇಲ್ಲವೇ ಬಂದೂಕು ಅವನ ಬಳಿ ಇಪ್ಪತ್ತೈದು ವರ್ಷ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಲು 2016ರ ನಿಯಮದಲ್ಲಿ ದಾರಿ ಇದೆ. ಯುಗಾದಿಗೆ ಬರುವಷ್ಟರಲ್ಲಿ ತರಬೇತಿ ಮುಗಿಸಿ ಪ್ರಮಾಣಪತ್ರ ತಗೊಂಡು ಬಾ. ಬರುವಾಗ ಒಂದು ಭೂತಗನ್ನಡಿಯೂ ಇರಲಿ. ತಂಗಿಯನ್ನು ಕರೆದುಕೊಂಡು ಬಾ, ಅವಳೂ ತರಬೇತಿಗೆ ಹೆಸರು ಹಚ್ಚಿದ್ದಾಳೆ. ಮೂವರೂ ಬಾಗಲಕೋಟೆಗೆ ಜಿಲ್ಲಾಧಿಕಾರಿ ಕಚೇರಿಗೆ ಹೋಗೋಣ. ಅರ್ಜಿ ತುಂಬಿ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ವಾರಸುದಾರರ ಹೆಸರಿನ ಜಾಗ ಇನ್ನೂ ಖಾಲಿ ಇದೆ.